ಸ್ಟೂಲಿಗಾಗಿ ಓಟ

ಮಳೆಗಾಲ ಮುಗಿದ ಒಂದು ಸೋಮವಾರ ಹಂಪನಕಟ್ಟೆಯ ಜವಳಿ ಮಳಿಗೆಯ ಮೂರೂ ಮಾಳಿಗೆಗಳಿಂದ ಸ್ಟೂಲುಗಳನ್ನು ತೆಗೆದು ಗೋದಾಮಿಗೆ ಹಾಕಿದರು. ಅಂದಿನಿಂದ ಅಲ್ಲಿ ಬಟ್ಟೆ ಮಾರುವ ಹೆಂಗಸರು ಬಾಗಿಲು ತೆರೆದಾಗಿನಿಂದ ಮುಚ್ಚುವವರೆಗೆ ನಿಂತೇ ಇರುತ್ತಾರೆ.

ರೇಷ್ಮೆ ಸೀರೆಯ ವಿಭಾಗದ ದೇಯಿ ಕೆಲಸಕ್ಕೆ ಸೇರಿದಾಗ ಅದು ಒಂದೇ ಕೋಣೆಯ ಅಂಗಡಿ. ನೆಲದಲ್ಲಿ ಬಿಳಿ ಹೊದಿಕೆಯ ದೊಡ್ಡ ಗಾದಿ. ಕೊಳ್ಳುವವರೂ ಮಾರುವವರೂ ಅದರ ಮೇಲೆ ಕೂತೇ ವ್ಯಾಪಾರ. ದೇಯಿ ಕೂತಲ್ಲಿಂದಲೇ ಮಡಿಕೆ ಬಿಡಿಸಿ ಸೀರೆಯನ್ನು ಬೀಸಿದರೆ ಸೆರಗು ಗಿರಾಕಿಯ ಮಡಿಲಿಗೆ ಹೋಗಿ ಬೀಳುತ್ತಿತ್ತು. ಆಮೇಲೆ ಅಂಗಡಿ ಎತ್ತರವಾಯಿತು. ಏಸಿ ಬಂತು, ಗಾಜಿನ ಕೌಂಟರು ಬಂತು, ಗಾದಿ ಹೋಗಿ ಕೌಂಟರಿನ ಹಿಂದೆ ಸ್ಟೂಲು ಬಂತು. ಈಗ ಸ್ಟೂಲೂ ಹೋಯಿತು. ಗಿರಾಕಿ ಮೆಟ್ಟಿಲು ಹತ್ತಿ ಬರುವಾಗ ಕೂತವರು ಏಳುವುದನ್ನು ನೋಡಿದರೆ ಅಂಗಡಿ ಸೋಮಾರಿಯಾಗಿ ಕಾಣುತ್ತದಂತೆ. ಹಾಗೆಂದವರು ಧಣಿಗಳು. ಹೇಳಿದ್ದು ಗಾಲಿ ಇರುವ ಕುರ್ಚಿಯಲ್ಲಿ ಕೂತು.

ದೇಯಿಯ ಮೊಣಕಾಲಿನ ಕೆಳಗೆ ನರಗಳು ನೀಲಿ ಹುರಿಯ ಹಾಗೆ ಉಬ್ಬಿ ಸುತ್ತಿಕೊಂಡಿದ್ದವು. ಉರ್ವದ ಡಾಕ್ಟರು ಬೆರಳಿನಿಂದ ಒತ್ತಿ ನೋಡಿ ಹೇಳಿದ್ದರು: "ನಡೆಯಿರಿ, ಬೇಕಾದರೆ ಓಡಿ, ಎಂತ ತೊಂದರೆ ಇಲ್ಲ. ನಿಂತಲ್ಲೇ ನಿಲ್ಲಬಾರದು. ಆಗಾಗ ಕೂತು ಕಾಲು ಮೇಲಿಡಬೇಕು. ಇಲ್ಲದಿದ್ದರೆ ಹುಣ್ಣಾಗ್ತದೆ. ಮತ್ತೆ ಅದು ಬೇಗ ಒಣಗುವುದಿಲ್ಲ." ದೇಯಿ ಈ ಮಾತನ್ನು ಅಂಗಡಿಯಲ್ಲಿ ಯಾರಿಗೂ ಹೇಳಲಿಲ್ಲ. ಕಾಲು ಕೆಟ್ಟವಳೆಂದು ಗೊತ್ತಾದರೆ ನಾಳೆಯೇ ಇನ್ನೊಬ್ಬಳು ಕೌಂಟರಿನ ಹಿಂದೆ ನಿಂತಿರುತ್ತಾಳೆ. ಸೀರೆಯೊಳಗೆ ಕಾಲಿಗೆ ಪಟ್ಟಿ ಬಿಗಿದುಕೊಂಡು ಬರತೊಡಗಿದಳು.

ಕೂರಲು ಹೆಂಗಸರು ಒಂದು ಉಪಾಯ ಕಂಡುಕೊಂಡಿದ್ದರು. ಕೌಂಟರಿನ ಕೆಳಗಿನ ಖಾನೆಗೆ ಕ್ಯಾಮರಾದ ಕಣ್ಣು ತಲುಪುವುದಿಲ್ಲ. ಬ್ಲೌಸ್ ಪೀಸ್ ಹುಡುಕುವವರಂತೆ ಅಲ್ಲಿ ಕುಕ್ಕರುಗಾಲಿನಲ್ಲಿ ಕೂರುವುದು, ಮೆಟ್ಟಿಲಲ್ಲಿ ಸದ್ದಾದರೆ ಕೈಗೆ ಸಿಕ್ಕಿದ ತುಂಡು ಹಿಡಿದು ಏಳುವುದು. ಪಕ್ಕದ ಕುರ್ತಾ ವಿಭಾಗದ ಜಸೀಲಾ ಬಗ್ಗಿ ಕೇಳುತ್ತಿದ್ದಳು:

"ದೇಯಿಯಕ್ಕ, ಬ್ಲೌಸ್ ಪೀಸ್ ಸಿಕ್ಕಿತಾ?"

"ಹುಡುಕ್ತಾ ಇದ್ದೇನೆ ಮಾರಾಯ್ತಿ. ನೀನು ಬಾಗಿಲು ನೋಡು."

ಡಿಸೆಂಬರ್ ಹೊತ್ತಿಗೆ ಫ್ಲೋರ್ ಮ್ಯಾನೇಜರ್ ಮುಖೇಶ್ ಒಂದು ಸುದ್ದಿ ತಂದ. ಊರ ಹೊರಗಿನ ಥೀಮ್ ಪಾರ್ಕಿನಲ್ಲಿ ಆಬ್‌ಸ್ಟಕಲ್ ರನ್ ನಡೆಯುತ್ತದಂತೆ. ಗೋಡೆ ಹತ್ತಬೇಕು, ಬಲೆಯ ಅಡಿಯಲ್ಲಿ ತೆವಳಬೇಕು, ಕೆಸರಿನ ಹೊಂಡ ದಾಟಬೇಕು, ನಡುನಡುವೆ ಓಡಬೇಕು. ಒಂದೊಂದು ಸಂಸ್ಥೆಯಿಂದ ಮೂವರ ಒಂದೊಂದು ತಂಡ.

"ನಮ್ಮದೂ ಒಂದು ಟೀಮು ಅಂತ ಧಣಿಗಳು ಹೇಳಿದ್ದಾರೆ," ಎಂದ ಮುಖೇಶ್. "ದೇಯಿಯಕ್ಕ, ಜಸೀಲಾ, ಮತ್ತೆ ಮಕ್ಕಳ ಸೆಕ್ಷನ್ನಿನ ಯಶ್ಮಿತಾ."

"ನಾನಾ? ನಾನು ಸಿಟಿ ಬಸ್ಸಿನ ಹಿಂದೆ ಕೂಡ ಓಡಿದವಳಲ್ಲ ಸರ್."

"ಅದಕ್ಕೇ ಅಕ್ಕ. ಯಂಗ್ ಹುಡುಗಿಯರು ಎಲ್ಲ ಟೀಮಿನಲ್ಲಿ ಇರ್ತಾರೆ. ನಿಮ್ಮ ಪ್ರಾಯದವರು ಹತ್ತಿದರೆ ಜನ ನೋಡ್ತಾರೆ."

ದೇಯಿ ಕೈಯಲ್ಲಿದ್ದ ಸೀರೆಯನ್ನು ಮಡಚಿದಳು. ಅಂಚಿಗೆ ಅಂಚು ಕೂಡಿಸಿದಳು. ಮಡಚಿ ಮುಗಿಯುವಾಗ ಕೇಳಬೇಕಾದದ್ದು ಬಾಯಿಗೆ ಬಂದಿತ್ತು.

"ಓಡಿ ಮುಗಿಸಿದರೆ ಸ್ಟೂಲು ವಾಪಸ್ ಬರ್ತದಾ?"

ಮುಖೇಶ್ ನಕ್ಕ. ದೇಯಿ ನಗಲಿಲ್ಲ. ಜಸೀಲಾ ಮತ್ತು ಯಶ್ಮಿತಾ ಮುಖ ಮುಖ ನೋಡಿಕೊಂಡರು.

"ಮುಗಿಸಿ, ಆಮೇಲೆ ನೋಡುವ," ಎಂದ. "ಧಣಿಗಳ ಹತ್ತಿರ ನಾನೇ ಮಾತಾಡ್ತೇನೆ. ಮಾತಂದರೆ ಮಾತು."

ಮನೆಯಲ್ಲಿ ಮಗಳು ಪ್ರಾಪ್ತಿ ಕೇಳಿದ್ದೇ ತಡ, ಮೊಬೈಲು ಕೆಳಗಿಟ್ಟಳು. "ಅಮ್ಮ, ನಿಮಗೆಂತ ಮರ್ಲಾ? ಆ ಕಾಲು ಹಿಡ್ಕೊಂಡು ಓಡುವುದಾ?"

"ಓಡಬಹುದಂತೆ. ನಿಲ್ಲುವುದಕ್ಕೆ ಮಾತ್ರ ಆಗುವುದಿಲ್ಲ ಈ ಕಾಲಿಗೆ."

ಅಭ್ಯಾಸಕ್ಕೆ ಕಾವೂರು ಕೆರೆಯ ದಂಡೆ ಆಯಿತು. ಯಶ್ಮಿತಾಳ ಮನೆ ಅಲ್ಲೇ ಹತ್ತಿರ. ದೇಯಿ ಉರ್ವದಿಂದ, ಜಸೀಲಾ ಕಾಟಿಪಳ್ಳದಿಂದ ಮುಂಜಾವದ ಬಸ್ಸು ಹಿಡಿದು ಬಂದು, ಅಭ್ಯಾಸ ಮುಗಿಸಿ ಅಲ್ಲಿಂದಲೇ ಅಂಗಡಿಗೆ ಹೋಗುವುದು. ಮೊದಲ ದಿನ ಅರ್ಧ ಸುತ್ತು ಮುಗಿಯುವುದರೊಳಗೆ ಮೂವರೂ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಜಸೀಲಾ ಸ್ಕಾರ್ಫಿನ ಪಿನ್ನು ಸರಿಮಾಡಿಕೊಳ್ಳುತ್ತಾ ಏದುಸಿರಿನ ನಡುವೆ ಹೇಳಿದಳು: "ಅಕ್ಕ, ನನ್ನ ಜೀವ ಆ ಮರದ ಹತ್ತಿರ ಬಿದ್ದು ಹೋಗಿದೆ. ಬರುವಾಗ ತಗೊಂಡು ಬನ್ನಿ."

ಯಶ್ಮಿತಾ ವಿಡಿಯೋ ನೋಡಿ ಕಲಿತು ಬರುತ್ತಿದ್ದಳು. ಓಡು, ನಡೆ, ಮತ್ತೆ ಓಡು ಎನ್ನುತ್ತಿದ್ದಳು. ಒಂದೇ ಉಸಿರಿಗೆ ಎಳೆಯಬೇಡಿ, ಗೋಡೆ ಹತ್ತುವಾಗ ಕೈಯಲ್ಲಿ ಜಗ್ಗಬೇಡಿ, ಕಾಲಲ್ಲಿ ತಳ್ಳಿ. ಗೋಡೆಗೆಂದು ಅವಳ ಮನೆಯ ಸುತ್ತಲಿನ ಮುರಕಲ್ಲಿನ ಪಾಗಾರವೇ ಸಿಕ್ಕಿತು. ಮೂವರೂ ಸಾಲಾಗಿ ಹತ್ತಿ ಆಚೆ ಹಾರುವುದನ್ನು ಅಂಗಳ ಗುಡಿಸುತ್ತಾ ನೋಡಿದ ಅವಳ ಅತ್ತೆ, "ಕಳ್ಳರಿಗೆ ದಾರಿ ತೋರಿಸ್ತಾ ಇದ್ದೀರಾ?" ಎಂದು ಕೇಳಿದರು. ಮರುದಿನ ಅವರೇ ಪಾಗಾರದ ಮೇಲಿನ ಪಾಚಿ ಕೆರೆದಿಟ್ಟಿದ್ದರು.

ದಿನ ಕಳೆದಂತೆ ದೇಯಿಗೆ ಒಂದು ಸೋಜಿಗ ಕಂಡಿತು. ಓಡಿದ ಬೆಳಿಗ್ಗೆ ಕಾಲು ಹಗುರ. ಸಂಜೆಯ ಹೊತ್ತಿಗೆ, ಎಲ್ಲಿಗೂ ಹೋಗದೆ ಒಂದೇ ಹಾಸುಗಲ್ಲಿನ ಮೇಲೆ ನಿಂತ ಬಳಿಕ, ಅದೇ ಕಾಲು ಕಲ್ಲು. ಕಾಲು ಇರುವುದು ಹೋಗುವುದಕ್ಕೆ, ಹೋಗಿ ಬಂದು ಮಡಚಿ ಕೂರುವುದಕ್ಕೆ. ಇಷ್ಟು ವರ್ಷ ತನ್ನ ಕಾಲು ಸೋತಿದೆ ಎಂದುಕೊಂಡಿದ್ದಳು. ಅದು ಸೋತಿರಲಿಲ್ಲ, ಅದನ್ನು ಕಟ್ಟಿಹಾಕಲಾಗಿತ್ತು. ಕಟ್ಟಿದ್ದು ಯಾರು ಎಂಬ ಪ್ರಶ್ನೆಯನ್ನು ಬಸ್ಸಿನ ಕಿಟಕಿಯ ಬಳಿ ಕೂತು ಎಷ್ಟೋ ಸಲ ಯೋಚಿಸಿದಳು. ಅಂಗಡಿ ಬರುವಾಗ ಯೋಚನೆ ಅರ್ಧಕ್ಕೆ ನಿಲ್ಲುತ್ತಿತ್ತು.

ಕೆರೆಯ ಬಳಿ ದಿನವೂ ನಡೆಯಲು ಬರುವ ಅಜ್ಜರೊಬ್ಬರು ಒಂದು ದಿನ ತಡೆದು ಕೇಳಿದರು: "ಎಂತ, ಪೊಲೀಸ್ ಸೆಲೆಕ್ಷನ್ನಾ?"

"ಅಲ್ಲ ಅಜ್ಜ. ಕೂರ್ಲಿಕ್ಕೆ ಓಡುವುದು," ಎಂದಳು ದೇಯಿ.

"ಕೂರ್ಲಿಕ್ಕೆ ಯಾರಾದರೂ ಓಡ್ತಾರಾ? ಕೂರುವುದಾದರೆ ಕೂತರಾಯಿತು."

ಜಸೀಲಾ ಬಿದ್ದು ಬಿದ್ದು ನಕ್ಕಳು. ದೇಯಿಯೂ ನಕ್ಕಳು. ಆದರೆ ಅಂದು ಇಡೀ ದಿನ, ಒಂದು ಮದುವೆಮನೆಯವರಿಗೆ ಸೀರೆಯ ಮೇಲೆ ಸೀರೆ ಬಿಡಿಸಿ ತೋರಿಸುವಾಗ, ಅಜ್ಜನ ಮಾತು ಕಿವಿಯಲ್ಲಿ ಉಳಿದಿತ್ತು.

"ನನ್ನ ಚಿಕ್ಕಮ್ಮನ ಮಗಳು ಕಾಸರಗೋಡಿನಲ್ಲಿ ಇಂಥದ್ದೇ ಅಂಗಡಿಯಲ್ಲಿ ಇದ್ದಾಳೆ," ಎಂದಳು ಜಸೀಲಾ, ಊಟದ ಬುತ್ತಿ ಬಿಚ್ಚುತ್ತಾ. ಊಟದ ಕೋಣೆಯಲ್ಲೂ ಕುರ್ಚಿ ಇಲ್ಲ, ಬಟ್ಟೆಯ ಮೂಟೆಗಳ ಮೇಲೆ ಕೂರುವುದು. "ಅಲ್ಲಿ ಕೂರ್ಲಿಕ್ಕೆ ಕೊಡಬೇಕು ಅಂತ ಕಾನೂನೇ ಉಂಟಂತೆ. ಗಿರಾಕಿ ಇಲ್ಲದಾಗ ಕೂರ್ತಾಳೆ, ಬಂದಾಗ ಏಳ್ತಾಳೆ. ಯಾರೂ ಸತ್ತಿಲ್ಲ."

"ತಲಪಾಡಿಯ ಗಡಿ ಗೇಟು ದಾಟಿದರೆ ಕಾಲಿಗೆ ಬೇರೆ ಕಾನೂನಾ?" ಎಂದಳು ಯಶ್ಮಿತಾ.

"ನಮಗೆ ಓಟ ಮುಗಿಯಲಿ," ಎಂದಳು ದೇಯಿ. "ಮುಖೇಶ್ ಮಾತು ಕೊಟ್ಟಿದ್ದಾನೆ."

ಓಟಕ್ಕೆ ಒಂದು ವಾರ ಇರುವಾಗ ಪಾರ್ಕಿನವರು ತಂಡಗಳನ್ನು ಅಭ್ಯಾಸಕ್ಕೆ ಕರೆದರು. ತರಬೇತಿಗೆ ನಿಂತಿದ್ದವಳು ಫಿಯೋನಾ, ಕೊರಳಲ್ಲಿ ಸೀಟಿ ತೂಗಿಸಿಕೊಂಡ ಚುರುಕು ಹುಡುಗಿ. ಬ್ಯಾಂಕಿನವರು, ಕಾಲೇಜಿನವರು, ಆಸ್ಪತ್ರೆಯವರು ಬಣ್ಣಬಣ್ಣದ ಶೂ ಹಾಕಿ ಬಂದಿದ್ದರು. ದೇಯಿಯದು ಮಗಳ ಹಳೆಯ ಶೂ, ತುದಿಗೆ ಬಟ್ಟೆ ತುರುಕಿದ್ದು.

ಬಲೆಯ ಅಡಿಯಲ್ಲಿ ಉಳಿದವರು ತಲೆ ಸಿಕ್ಕಿಸಿಕೊಂಡು ಒದ್ದಾಡುವಾಗ ಇವರು ಮೂವರೂ ಕುಕ್ಕರುಗಾಲಿನಲ್ಲಿ ಸರಸರನೆ ಆಚೆ ಸೇರಿದರು. "ಬ್ಲೌಸ್ ಪೀಸ್ ಸಿಕ್ಕಿತು!" ಎಂದು ಜಸೀಲಾ ಕೂಗಿದಳು. ಯಾರಿಗೂ ಅರ್ಥವಾಗಲಿಲ್ಲ. ಮೂವರೂ ಕೆಸರಿನಲ್ಲಿ ಹೊರಳಿ ನಕ್ಕರು.

ಗೋಡೆ ಮಾತ್ರ ಪಾಗಾರದ ಹಾಗಿರಲಿಲ್ಲ. ಹಲಗೆಯದು, ಹಿಡಿತಕ್ಕೆ ಏನೂ ಇಲ್ಲ. ಜಸೀಲಾ ಎರಡೂ ಕೈ ಹೆಣೆದು ಮೆಟ್ಟಿಲು ಮಾಡಿ ನಿಂತಳು. ಯಶ್ಮಿತಾ ಮೊದಲು ಹತ್ತಿದಳು. ದೇಯಿ ಕಾಲೆತ್ತಿ ಮತ್ತೆ ಇಳಿಸಿದಳು.

"ನಿನ್ನ ಕೈ ಮೇಲೆ ಕಾಲಿಡುವುದಾ ಮಾರಾಯ್ತಿ?"

"ಇಡಿ ಅಕ್ಕ. ಅಂಗಡಿಯವರು ದಿನಾ ತಲೆ ಮೇಲೆ ಇಡ್ತಾರೆ. ನಿಮ್ಮದೆಂತ ಭಾರ?"

ದೇಯಿ ಕಾಲಿಟ್ಟಳು. ತಳ್ಳಿದಳು. ಮೇಲಿದ್ದ ಯಶ್ಮಿತಾ ರಟ್ಟೆ ಹಿಡಿದು ಎಳೆದಳು. ಗೋಡೆಯ ತುದಿಯಲ್ಲಿ ಹೊಟ್ಟೆಯ ಮೇಲೆ ಬಿದ್ದಾಗ ದೇಯಿಗೆ ದೂರದ ತೆಂಗುಗಳ ಹಿಂದೆ ಸಮುದ್ರದ ಒಂದು ಗೆರೆ ಕಾಣಿಸಿತು. ಅಷ್ಟು ಎತ್ತರಕ್ಕೆ ತನ್ನ ಕಾಲೇ ತನ್ನನ್ನು ಒಯ್ದಿತ್ತು.

ಜಸೀಲಾಳನ್ನೂ ಮೇಲೆಳೆದುಕೊಂಡು ಇಳಿದರೆ, ಗೋಡೆಯ ಆಚೆ ವಿಶ್ರಾಂತಿಯ ಜಾಗ. ನೆರಳಿನಲ್ಲಿ ಉದ್ದನೆಯ ಬೆಂಚುಗಳು, ನೀರಿನ ಡ್ರಮ್ಮು. ಬ್ಯಾಂಕಿನವರು ಬೆಂಚಿನಲ್ಲಿ ಒರಗಿದರು, ಕಾಲೇಜಿನವರು ಅಲ್ಲೇ ಉದ್ದಕ್ಕೆ ಮಲಗಿಬಿಟ್ಟರು. ಫಿಯೋನಾ ಸೀಟಿಯನ್ನು ಬೆರಳಿಗೆ ಸುತ್ತುತ್ತಾ ಬಂದವಳು ನಿಂತಳು.

"ಆಂಟಿ, ನೀವು ಮೂರು ಜನ ಯಾಕೆ ನಿಂತಿದ್ದೀರಿ? ಆ ಬೆಂಚು ಒದ್ದೆ ಉಂಟಾ?"

ಆಗಲೇ ಅವರಿಗೆ ಗೊತ್ತಾದದ್ದು. ಖಾಲಿ ಬೆಂಚಿನ ಪಕ್ಕ ಮೂವರೂ ಒಂದೇ ಸಾಲಿನಲ್ಲಿ ನಿಂತಿದ್ದರು. ಬೆನ್ನು ನೆಟ್ಟಗೆ, ಕೈಗಳು ಹೊಟ್ಟೆಯ ಮುಂದೆ ಒಂದರ ಮೇಲೊಂದು, ಮುಖ ದಾರಿಯ ಕಡೆಗೆ. ಮೈಯೆಲ್ಲ ಕೆಸರು, ಆದರೂ ಯಾರೋ ಮೆಟ್ಟಿಲು ಹತ್ತಿ ಬರುತ್ತಾರೆಂದು ಕಾಯುವ ನಿಲುವು. ಜಸೀಲಾ ಬೆಂಚನ್ನು ಮುಟ್ಟಿ ನೋಡಿದಳು. ಒಣಗಿತ್ತು. ನಗಲು ಹೊರಟವಳು ನಗಲಿಲ್ಲ.

ಇಲ್ಲಿ ಕ್ಯಾಮರಾ ಇರಲಿಲ್ಲ. ಕೂರಬೇಡಿ ಎಂದವರೂ ಇರಲಿಲ್ಲ. ಧಣಿಗಳು ತೆಗೆದದ್ದು ಸ್ಟೂಲನ್ನು ಮಾತ್ರ ಎಂದುಕೊಂಡಿದ್ದೆವಲ್ಲ, ಎಂದುಕೊಂಡಳು ದೇಯಿ. ಅವರು ನಮ್ಮ ಮೊಣಕಾಲಿನೊಳಗೆ ಕೈಹಾಕಿ ಏನನ್ನೋ ತೆಗೆದಿದ್ದಾರೆ.

ಅವಳು ಕೂತಳು. ಬೆನ್ನನ್ನು ಹಿಂದಕ್ಕೆ ಬಿಟ್ಟಳು. ಚೂಡಿದಾರದ ಕಾಲನ್ನು ಮೇಲಕ್ಕೆ ಮಡಚಿ, ಒದ್ದೆಯಾದ ಪಟ್ಟಿ ಬಿಚ್ಚಿ, ನೀಲಿ ನರದ ಕಾಲುಗಳನ್ನು ಎಲ್ಲರಿಗೂ ಕಾಣುವಂತೆ ಬೆಂಚಿನ ಮೇಲೆ ನೀಡಿದಳು.

"ಅಕ್ಕ!" ಎಂದಳು ಯಶ್ಮಿತಾ. "ಇದೆಂತ ಇದು? ಇಷ್ಟು ದಿನ ಹೇಳಲೇ ಇಲ್ಲ?"

"ಈಗ ನೋಡಿದೆಯಲ್ಲ. ಕೂತ್ಕೊ."

ಇಬ್ಬರೂ ಎರಡು ಬದಿಗೆ ಕೂತರು.

ಅಷ್ಟರಲ್ಲಿ ಮುಖೇಶ್ ಬಂದ. ಜೊತೆಗೊಬ್ಬ ಫೋಟೋಗ್ರಾಫರ್, ಕೈಯಲ್ಲಿ ಒಂದು ಚೀಲ. ಅವನನ್ನು ಕಂಡದ್ದೇ ಜಸೀಲಾ, ಯಶ್ಮಿತಾ ಎದ್ದುಬಿಟ್ಟರು. ಏಳಬೇಕೆಂದುಕೊಂಡು ಎದ್ದದ್ದಲ್ಲ. ದೇಯಿಯ ಮೊಣಕಾಲೂ ಒಮ್ಮೆ ಮಿಡುಕಿತು. ಅವಳು ಅದರ ಮೇಲೆ ಕೈಯಿಟ್ಟಳು.

"ಸೂಪರ್! ಗೋಡೆ ಹತ್ತಿದ್ದು ದೂರದಿಂದ ನೋಡಿದೆ," ಎಂದ ಮುಖೇಶ್. ಚೀಲದಿಂದ ಕೆಂಪು ಟೀ ಶರ್ಟುಗಳನ್ನು ತೆಗೆದು ಬಿಡಿಸಿದ. ಎದೆಯ ಮೇಲೆ ಅಂಗಡಿಯ ಹೆಸರು. ಬೆನ್ನಿಗೆ ದೊಡ್ಡ ಅಕ್ಷರದಲ್ಲಿ: ನಾವು ಕೂರುವುದೇ ಇಲ್ಲ!

"ಧಣಿಗಳದೇ ಐಡಿಯಾ. ಇದೇ ಫೋಟೋ ಹೋರ್ಡಿಂಗಿಗೆ ಹೋಗ್ತದೆ."

ದೇಯಿ ಅಕ್ಷರಗಳನ್ನು ನಿಧಾನಕ್ಕೆ ಓದಿದಳು. "ಸ್ಟೂಲಿನ ಮಾತು ಎಂತ ಆಯಿತು?"

ಮುಖೇಶ್ ಶರ್ಟನ್ನು ಮಡಚತೊಡಗಿದ. "ಮಾತಾಡಿದೆ ಅಕ್ಕ. ಸುಳ್ಳು ಹೇಳುವುದಿಲ್ಲ. ಅಷ್ಟು ದೊಡ್ಡ ಗೋಡೆ ಹತ್ತುವವರಿಗೆ ಸ್ಟೂಲು ಯಾಕೆ ಅಂತ ನಕ್ಕರು. ರನ್ ಮುಗಿಯಲಿ, ಪುನಃ ಕೇಳುವ."

"ಓಡಿ ಮುಗಿಸಿದರೆ ನೋಡುವ ಅಂತ ಹೇಳಿದ್ದು. ಈಗ ಓಡುವವರಿಗೆ ಬೇಡ ಅಂತಾರೆ."

"ಅದೆಲ್ಲ ಇಲ್ಲಿ ಬೇಡ ಅಕ್ಕ. ಕಾಲು ಕೆಳಗೆ ಹಾಕಿ, ಜನ ನೋಡ್ತಾರೆ. ಏಳಿ, ಇದನ್ನು ಹಾಕಿ, ಬೆಂಚಿನ ಮುಂದೆ ಸಾಲಾಗಿ ನಿಲ್ಲಿ. ಒಂದೇ ಫೋಟೋ."

"ಜನ ನೋಡಲಿ ಅಂತಲೇ ನನ್ನನ್ನು ಸೇರಿಸಿದ್ದಲ್ಲವಾ? ಫೋಟೋ ಹೊಡೆಸಿ. ಹೀಗೇ."

ಫೋಟೋಗ್ರಾಫರ್ ಕ್ಯಾಮರಾ ಇಳಿಸಿ ಮುಖೇಶನ ಮುಖ ನೋಡಿದ. ಯಶ್ಮಿತಾಳ ಕೈಯಲ್ಲಿ ಒಂದು ಶರ್ಟು ಇತ್ತು. ಅವಳು ಅದನ್ನು ಹಾಕಿಕೊಳ್ಳಲೂ ಇಲ್ಲ, ಕೆಳಗಿಡಲೂ ಇಲ್ಲ. ಜಸೀಲಾ ಬೆಂಚಿಗೂ ಮುಖೇಶನಿಗೂ ನಡುವೆ ನಿಂತು ಸ್ಕಾರ್ಫಿನ ತುದಿ ಹಿಂಡುತ್ತಿದ್ದಳು. ಕೆಸರು ನೀರು ತೊಟ್ಟಿಕ್ಕುತ್ತಿತ್ತು.

"ಓಟಕ್ಕೆ ಬರುವುದಿಲ್ಲವಾ ಹಾಗಾದರೆ?" ಮುಖೇಶನ ಸ್ವರ ಬಿಗಿಯಾಯಿತು.

"ಬರ್ತೇನೆ. ನನ್ನ ಕಾಲು, ನಾನು ಓಡ್ತೇನೆ. ಆ ಅಂಗಿ ಹಾಕುವುದಿಲ್ಲ."

"ನಾಳೆ ಧಣಿಗಳು ಕರೆದು ಕೇಳಿದರೆ ನಾನು ನಿಮ್ಮನ್ನು ಉಳಿಸ್ಲಿಕ್ಕೆ ಆಗುವುದಿಲ್ಲ. ಈಗಲೇ ಹೇಳ್ತೇನೆ. ಕೆಲಸ ಹೋಗ್ತದೆ ಅಕ್ಕ."

ದೇಯಿಗೆ ಅದು ಗೊತ್ತಿತ್ತು. ಪಟ್ಟಿ ಬಿಗಿದ ದಿನದಿಂದ ಅದೊಂದಕ್ಕೇ ಅಲ್ಲವೇ ಅವಳು ಹೆದರಿಕೊಂಡು ಬಂದದ್ದು. ಈಗ ಆ ಹೆದರಿಕೆ ಪಕ್ಕದಲ್ಲೇ, ಅದೇ ಬೆಂಚಿನಲ್ಲಿ ಕೂತಿತ್ತು. ಹೋಗಿರಲಿಲ್ಲ. ಮುಖೇಶ್ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದ್ದನ್ನು ನೋಡಿದಳು. ಇಡೀ ದಿನ ಮೂರು ಮಾಳಿಗೆ ಹತ್ತಿ ಇಳಿಯುವವನು. ಅವನಿಗೂ ಅಂಗಡಿಯಲ್ಲಿ ಕುರ್ಚಿ ಇರಲಿಲ್ಲ.

"ಕೊನೆಯ ಸಲ ಹೇಳ್ತೇನೆ. ಏಳಿ, ದೇಯಿಯಕ್ಕ."

ದೇಯಿ ಕಾಲನ್ನು ಒಂದಿಷ್ಟು ಈಚೆ ಎಳೆದು, ಬೆಂಚಿನ ತುದಿಯನ್ನು ಅಂಗೈಯಿಂದ ಒರೆಸಿದಳು.

"ಏಳುವುದಿಲ್ಲ ಸರ್. ನೀವು ಕೂತ್ಕೊಳ್ಳಿ. ಜಾಗ ಉಂಟು."