ಬಾಯಿಮಾತಿನ ಆಕರ

ಮಗಳು ಇನ್ನೊಂದು ಹೆಸರು ಅಳಿಸಿ, ಕಂಪ್ಯೂಟರಿನ ಮುಂದಿನಿಂದ ಎದ್ದು, ಮತ್ತೆ ಕೂತಳು. ಗೋಡೆಯಾಚೆ ನಡುಮನೆಯಲ್ಲಿ, ತಲೆಯ ಬಳಿ ದೀಪ ಹಚ್ಚಿಟ್ಟು, ಅಮ್ಮನನ್ನು ಮಲಗಿಸಿದ್ದರು.

“ಇನ್ನೂ ಎಷ್ಟಿದೆಯಮ್ಮಾ?” ಅಮ್ಮನ ಪಿಎಚ್.ಡಿ. ಗೈಡ್ ಬಾಗಿಲಲ್ಲಿ ನಿಂತು ಕೇಳಿದರು. “ಸಂಜೆಯೊಳಗೆ ಥೀಸಿಸ್ ಕೊಡದಿದ್ರೆ ನೋಂದಣಿನೇ ರದ್ದಾಗುತ್ತೆ.”

“ಆಕರಸೂಚಿಯಿಂದ ಕಥೆ ಹೇಳಿದ ಹೆಂಗಸರನ್ನೆಲ್ಲಾ ತೆಗೀಬೇಕಾ ಸರ್?”

“ಬಾಯಿಮಾತು ಆಕರ ಅಲ್ಲ. ನಿಯಮ ನಾನು ಮಾಡಿದ್ದಲ್ಲಮ್ಮ.”

ಅಪ್ಪ ಅವಳ ತಲೆ ಸವರಿದರು. “ತೆಗೆದುಬಿಡು ಪುಟ್ಟಿ. ಅವಳ ಹೆಸರಿನ ಮುಂದೆ ಡಾಕ್ಟರ್ ಅಂತ ಒಂದು ಸಲ ಆದ್ರೂ ಬರಲಿ.”

*

ಅಮ್ಮ ಬರೆದದ್ದು ಆಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸರ ಬಗ್ಗೆ. ಪುಸ್ತಕಗಳಲ್ಲಿ ಅವರ ಸುದ್ದಿ ಇರಲಿಲ್ಲ. ಉಗಿ ತುಂಬಿದ ಕೋಣೆಯಲ್ಲಿ ಅವರ ಜೊತೆ ಹಾಸಿಗೆ ಬಟ್ಟೆ ಮಡಚುತ್ತಾ ಕೇಳಿದ್ದೇ ಎಲ್ಲ. ಥೀಸಿಸ್ ಮಾತ್ರ ವಿಶ್ವವಿದ್ಯಾಲಯದಿಂದ ಪದೇ ಪದೇ ವಾಪಸ್ ಬರುತ್ತಿತ್ತು. ಇಸವಿಗೆ ಆವರಣ ಹಾಕಿ ಅಂದರು. ಹಾಕಿದರೆ, ಹೊಸ ಕೈಪಿಡಿ ಬಂದಿದೆ, ತೆಗೆಯಿರಿ ಅಂದರು. ಚುಕ್ಕೆ ತಿದ್ದುತ್ತಾ ಕೂತರೆ ಒಲೆಯ ಮೇಲೆ ಹಾಲು ಉಕ್ಕಿಹೋಗುತ್ತಿತ್ತು.

“ಅತ್ತೆಯಾದ್ರೂ ಉಪ್ಪು ಕಮ್ಮಿ ಅಂತ ಒಂದೇ ಸಲ ಅಂತಾಳೆ,” ಎಂದು ಅಮ್ಮ ನಗುತ್ತಿದ್ದಳು.

ಎಲ್ಲ ತಿದ್ದಿದಳು. ಹೆಂಗಸರ ಹೆಸರು ತೆಗೆಯಲು ಮಾತ್ರ ಒಪ್ಪಲಿಲ್ಲ. “ಅವರದ್ದನ್ನ ನನ್ನದು ಅಂದ ಹಾಗಾಗುತ್ತೆ ಕಣೇ.”

*

ನಡುಮನೆಯಲ್ಲಿ ಗದ್ದಲವಾಯಿತು. ಪಾಳಿ ಮುಗಿಸಿದ ಆ ಹೆಂಗಸರು ಒದ್ದೆ ಬಟ್ಟೆಯಲ್ಲೇ ಬಂದಿದ್ದರು. ದಪ್ಪಗಿದ್ದವಳು ಅಮ್ಮನ ತಲೆಯ ಬಳಿ ಕೂತು ಬೈಯತೊಡಗಿದಳು.

“ಏನಕ್ಕಾ, ಮೆಷಿನ್‌ಗೆ ಬೆರಳು ಸಿಕ್ಕಿದ ಕಥೆ ಪೂರ್ತಿ ಹೇಳು ಅಂತ ಪ್ರಾಣ ತಿಂತಿದ್ದೆ. ಈಗ ಯಾರಿಗೆ ಹೇಳ್ಲಿ?”

“ನಿನ್ನ ಕಥೆ ಮುಗಿಯುತ್ತೆ ಅಂತ ಕಾದು ಕಾದೇ ಹೋದ್ಲು,” ಎಂದಳು ಪಕ್ಕದವಳು. ಯಾರೋ ನಕ್ಕು, ಆಮೇಲೆ ಅತ್ತರು.

“ಹಂಗಾದ್ರೆ ಈಗ್ಲೇ ಕೇಳಿಸ್ಕೋ,” ಎಂದು ದಪ್ಪಗಿದ್ದವಳು ಶುರುಮಾಡಿದಳು.

ಒಳಗೆ ಮಗಳ ಕೈ ನಿಂತಿತು. ಅಳಿಸಿದ್ದ ಹೆಸರುಗಳನ್ನು ಒಂದೊಂದಾಗಿ ಮತ್ತೆ ಹಾಕಿದಳು.

“ಹೀಗೇ ತಗೊಂಡ್ಹೋಗಿ ಸರ್.”

“ತಗೊಳಲ್ಲಮ್ಮ ಅವರು.”

“ಗೊತ್ತು ಸರ್.”

ಅಪ್ಪ ಮುದ್ರಿಸಿದ ಹಾಳೆಗಳನ್ನು ಜೋಡಿಸಿ ಗೈಡ್ ಕೈಗಿಟ್ಟರು.

ಗೈಡ್ ಗಡಿಯಾರ ನೋಡಿಕೊಳ್ಳುತ್ತಾ ಹೊರಟರು. ಆದರೆ ಹೆಂಗಸರು ಬಾಗಿಲವರೆಗೂ ಕೂತಿದ್ದರು, ಕಾಲಿಡಲು ಜಾಗವಿರಲಿಲ್ಲ. ಗೈಡ್ ಗೋಡೆಗೆ ಒತ್ತಿಕೊಂಡು ನಿಂತರು. ದಪ್ಪಗಿದ್ದವಳು ಅಮ್ಮನ ಮುಚ್ಚಿದ ಕಣ್ಣುಗಳ ಮುಂದೆ ಅಂಗೈ ಹಿಡಿದು, ಇಲ್ಲದ ಬೆರಳಿನ ಜಾಗ ತೋರಿಸುತ್ತಿದ್ದಳು.