ಎದುರು ಗೋಡೆಯ ಮೀನುಗಳು

“ಒಂದು ಗೇಣಿಗೆ ಕೇಳಿಸೋದು ಎರಡು ಗೇಣಿಗೆ ಯಾಕೆ ಕೇಳಿಸಲ್ಲ?”

ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ಮೊಣಕಾಲುಮಟ್ಟ ನೀರಿನಲ್ಲಿ ನಿಂತು ಅವಳು ಗೋಡೆಗೆ ಬಿಗಿದ ತಂತಿಯ ಚೌಕಟ್ಟನ್ನೇ ದಿಟ್ಟಿಸುತ್ತಿದ್ದಳು. ಕೈಯಲ್ಲಿದ್ದ ಕಡ್ಡಿಯ ತುದಿಗೆ ಅಕ್ಕಿಕಾಳಿನಷ್ಟು ಗಾಜಿನ ಗುಳಿಗೆಯೊಂದನ್ನು ಕಟ್ಟಿದ್ದಳು. ಅದನ್ನು ಚೌಕಟ್ಟಿನ ಹತ್ತಿರ ಹಿಡಿದರೆ ದಡದ ಮೇಲಿನ ಪೆಟ್ಟಿಗೆ ‘ಪೀ’ ಎನ್ನುತ್ತಿತ್ತು. ಒಂದು ಗೇಣು ದಾಟಿದರೆ ಸದ್ದಿಲ್ಲ.

“ನೀರನ್ನ ಕೇಳಿದ್ರೆ ನೀರು ಹೇಳುತ್ತಾ?” ಎಂದ ದಡದಲ್ಲಿ ಕೂತಿದ್ದ ಸೋದರಮಾವ.

ನದಿಗೆ ಅಡ್ಡಲಾಗಿ ಕಟ್ಟಿದ ಆ ಒಡ್ಡಿಗೆ ಮೂವತ್ತು ವರ್ಷದಿಂದ ಅವನೇ ಕಾವಲು. ಒಡ್ಡಿನ ಪಕ್ಕದಲ್ಲಿ, ಮೀನುಗಳು ಮೇಲಕ್ಕೆ ಹೋಗಲೆಂದು, ಒಂದರ ಮೇಲೊಂದು ಒಂಬತ್ತು ತೊಟ್ಟಿಗಳ ಮೆಟ್ಟಿಲು. ಮೀನಿನ ಅಧ್ಯಯನಕ್ಕೆ ಬಂದ ಮೇಡಂ ಕೆಳಗಿನ ಮಡುವಿನಲ್ಲಿ ಇನ್ನೂರು ಮೀನು ಹಿಡಿಸಿ, ಒಂದೊಂದರ ಹೊಟ್ಟೆಯೊಳಗೂ ಇಂಥದೇ ಗುಳಿಗೆ ಸೇರಿಸಿ ಬಿಟ್ಟಿದ್ದರು. ಗುಳಿಗೆಗೆ ಬ್ಯಾಟರಿ ಇಲ್ಲ. ತಂತಿಯ ಸೆಳೆತ ಮುಟ್ಟಿದಾಗ ಎಚ್ಚರಗೊಂಡು ತನ್ನ ನಂಬರು ಹೇಳುತ್ತದೆ, ಮತ್ತೆ ಮಲಗುತ್ತದೆ. ಎರಡು ತಿಂಗಳಲ್ಲಿ ಐದನೇ ಮೆಟ್ಟಿಲಿನ ಈ ಚೌಕಟ್ಟಿಗೆ ಕೇಳಿಸಿದ್ದು ಮೂರೇ ನಂಬರು. ಮೇಲಿನ ತುದಿಯ ಇಕ್ಕಟ್ಟಿನ ಬಾಗಿಲಿನ ಸುತ್ತಲೂ ಇನ್ನೊಂದು ಚೌಕಟ್ಟಿತ್ತು. ಅಲ್ಲಿ ಸೊನ್ನೆ. ಮೀನು ಹತ್ತುತ್ತಿಲ್ಲ, ತಿಂಗಳ ಕೊನೆಗೆ ಕಾಂಕ್ರೀಟ್ ಸುರಿದು ಮೆಟ್ಟಿಲು ಮುಚ್ಚುವುದು ಎಂದು ಆಫೀಸಿನಿಂದ ಕಾಗದ ಬಂದಿತ್ತು.

ಆ ಕಾಗದ ಬಂದ ದಿನವೇ ಮಾವ ಸೋದರಸೊಸೆಯಾದ ಅವಳನ್ನು ಕರೆಸಿದ. ಪೇಟೆಯ ಅಂಗಡಿಯಲ್ಲಿ ಸುಟ್ಟ ಮೋಟರುಗಳಿಗೆ ತಂತಿ ಸುತ್ತುವುದು ಅವಳ ಕೆಲಸ.

“ತೊಟ್ಟಿ ಅಗಲ ಐದು ಗೇಣು, ಇದಕ್ಕೆ ಕಾಣೋದು ಒಂದೇ ಗೇಣು,” ಎಂದಳು ಅವಳು. “ಮೀನು ಎದುರು ಗೋಡೆ ಪಕ್ಕ ಹೋದ್ರೆ ಇದಕ್ಕೆ ಹೇಗೆ ಗೊತ್ತಾಗ್ಬೇಕು ಮಾವ?”

ಇನ್ನೂ ಹೆಚ್ಚು ಸುತ್ತಿನ ಚೌಕಟ್ಟು ಹಾಕಿದರೆ ಹೇಗೆ ಎಂದುಕೊಂಡು ಮರುದಿನ ಹೊಸದೊಂದನ್ನು ಸುತ್ತಿ ತಂದಳು. ಸತ್ತ ರೇಡಿಯೋದಿಂದ ಕಿತ್ತ ಕಂಡೆನ್ಸರನ್ನು ಅದರ ಎರಡು ತುದಿಗೆ ಬೆಸೆದು, ಹಳೆಯದು ಮಿಡಿಯುವ ಕಂಪನಕ್ಕೇ ಸರಿಹೊಂದಿಸಿದ್ದಳು. ಹಳೆಯದನ್ನು ಬಿಚ್ಚುವ ತನಕ ಇರಲಿ ಎಂದು ಹೊಸದನ್ನು ಎದುರು ಗೋಡೆಗೆ ಒರಗಿಸಿದಳು. ಕಡ್ಡಿಯನ್ನು ಎತ್ತಿ ಪಕ್ಕಕ್ಕಿಡಲು ಹೋದಾಗ, ನಟ್ಟನಡುವೆ, ಪೆಟ್ಟಿಗೆ ‘ಪೀ’ ಎಂದಿತು.

ಹೊಸ ಚೌಕಟ್ಟಿನಿಂದ ಒಂದು ಎಳೆ ತಂತಿಯೂ ಎಲ್ಲಿಗೂ ಹೋಗಿರಲಿಲ್ಲ. ಕಡ್ಡಿಯನ್ನು ಎದುರು ಗೋಡೆಯ ತನಕ ಒಯ್ದಳು, ಪೆಟ್ಟಿಗೆ ಕೂಗುತ್ತಲೇ ಇತ್ತು. ಚೌಕಟ್ಟನ್ನು ಎತ್ತಿ ದಡಕ್ಕಿಟ್ಟಳು, ಸದ್ದು ನಿಂತಿತು. ಮತ್ತೆ ಇಟ್ಟಳು, ಬಂತು. ಹೀಗೆ ಹತ್ತು ಸಲವಾದರೂ ಮಾಡಿರಬೇಕು.

“ಕರೆಂಟೇ ಕೊಟ್ಟಿಲ್ಲ ಮಾವ ಇದಕ್ಕೆ.”

ಮಾವ ಕಣ್ಣು ಕಿರಿದು ಮಾಡಿ ನೋಡಿದ. “ನಮ್ಮಜ್ಜ ಪದ್ಯ ಹೇಳೋವಾಗ ಹಿಂದೆ ಕೂತೋರಿಗೆ ಕೇಳಿಸ್ತಿರ್ಲಿಲ್ಲ. ನಡುವೆ ಒಬ್ಬ ಕೂತು ಅದೇ ಶ್ರುತೀಲಿ ಸಾಲು ಎತ್ತಿಕೊಳ್ತಿದ್ದ. ಅವನದು ಅಂತ ಒಂದು ಅಕ್ಷರಾನೂ ಇಲ್ಲ. ಆದ್ರೂ ಕೊನೇ ಸಾಲಿನ ತನಕ ಪದ್ಯ ಹೋಗ್ತಿತ್ತು.”

“ಶ್ರುತಿ ತಪ್ಪಿದ್ರೆ?”

“ತಪ್ಪಿದ್ರೆ ಅವನು ಇದ್ದೂ ಇಲ್ಲದ ಹಾಗೆ.”

ಅವಳು ಹೊಸ ಚೌಕಟ್ಟಿನಿಂದ ಎರಡು ಸುತ್ತು ಬಿಚ್ಚಿ ಇಟ್ಟು ನೋಡಿದಳು. ಪೆಟ್ಟಿಗೆ ಮೂಕವಾಯಿತು. ಮತ್ತೆ ಸುತ್ತಿದಳು. ‘ಪೀ.’

“ನೀನು ಯಾಕೆ ಮಾವ ಮೋಟರ್ ಅಂಗಡಿ ಇಡ್ಲಿಲ್ಲ?”

“ಇಟ್ಟಿದ್ರೆ ನಿನಗೆ ಕೆಲಸ ಕೊಡಬೇಕಾಗ್ತಿತ್ತಲ್ಲೇ, ಅದಕ್ಕೆ.”

ಮರುದಿನ ಬೆಳಿಗ್ಗೆ ಪೆಟ್ಟಿಗೆಯಲ್ಲಿ ನಲವತ್ತೊಂದು ಮೀನುಗಳ ನಂಬರಿತ್ತು. ಕನ್ನಡಕ ತಂದಿರದ ಮಾವ ಎಲ್ಲವನ್ನೂ ಅವಳಿಂದ ಓದಿಸಿದ, ಮುಗಿದ ಮೇಲೆ ಇನ್ನೊಮ್ಮೆ ಓದಿಸಿದ. “ಕಾಂಕ್ರೀಟ್ ಸುರೀತಾರಂತೆ ಕಾಂಕ್ರೀಟು,” ಎಂದು ನೀರಿಗೆ ಹೇಳಿದ.

ಅವಳು ಮಾತ್ರ ಪಟ್ಟಿಯಿಂದ ಕಣ್ಣು ತೆಗೆಯಲಿಲ್ಲ. “ಇದೊಂದು ಮೀನು ಇಪ್ಪತ್ತೆರಡು ಸಲ ಬಂದಿದೆ. ಇದು ಹದಿನೇಳು ಸಲ.”

“ಜಾಗ ಹಿಡಿಸಿರಬೇಕು.”

“ತುದೀಲಿ ಒಂದೂ ಇಲ್ಲ ಮಾವ.”

ಎರಡನೇ ದಿನವೂ ಹಾಗೆಯೇ. ಮೂರನೇ ದಿನವೂ ಹಾಗೆಯೇ. ಐದನೇ ತೊಟ್ಟಿಗೆ ಬರುತ್ತವೆ, ಸುತ್ತುತ್ತವೆ, ಇಳಿದು ಹೋಗುತ್ತವೆ. ಯಾಕೆ ತಿರುಗುತ್ತವೆ ಎನ್ನುವುದು ಅವಳ ತಲೆಯಿಂದ ಹೋಗಲಿಲ್ಲ. ಸೀರೆ ಎತ್ತಿ ಕಟ್ಟಿ ಐದನೇ ತೊಟ್ಟಿಗಿಳಿದು, ಆರನೆಯದಕ್ಕೆ ಹೋಗುವ ತಳದ ಕಿಂಡಿಗೆ ಕೈ ಹಾಕಿದಳು. ನೀರು ನುಗ್ಗಬೇಕಾದ ಕಡೆ ಪಾಚಿಗಟ್ಟಿದ ಮರ ಸಿಕ್ಕಿತು.

“ಇಲ್ಲಿ ಹಲಗೆ ಇದೆ.”

ಮಾವ ಎದ್ದು ತೊಟ್ಟಿಯ ಅಂಚಿಗೆ ಬಂದ. “ನಾನೇ ಮೊಳೆ ಹೊಡೆದದ್ದು,” ಎಂದ. “ಎರಡು ವರ್ಷ ಆಯ್ತು. ಅಲ್ಲಿ ನೀರಿನ ರಭಸ ಜಾಸ್ತಿ. ಮರಿಗಳು ಬಂದು ಗೋಡೆಗೆ ಬಡೀತಿದ್ವು. ನೋಡಕ್ಕಾಗ್ಲಿಲ್ಲ. ಮೇಲಿಂದ ಹಾರ್ಕೊಂಡು ಹೋಗ್ಲಿ ಅಂದ್ಕೊಂಡೆ.”

“ಇವು ಹಾರೋ ಜಾತಿ ಅಲ್ವಲ್ಲ ಮಾವ. ತಳ ಹಿಡ್ಕೊಂಡು ಹೋಗೋವು.”

ಮಾವ ಅಂಗಿ ಕಳಚಿಟ್ಟು ತಾನೇ ನೀರಿಗಿಳಿದ. ಮೀಟುಗೋಲು ಹಾಕಿ ಹಲಗೆಯನ್ನು ಕಿತ್ತ. ಬಿಡಿಸಿಕೊಂಡ ನೀರು ಅವನ ಎದೆಗೆ ಬಡಿದು ಕೆಳಗಿಳಿಯಿತು.

ಮರುದಿನ ಬೆಳಿಗ್ಗೆ ತುದಿಯ ಪಟ್ಟಿಯಲ್ಲಿ ಇಪ್ಪತ್ತಾರು ಮೀನುಗಳಿದ್ದವು. ಅವಳು ಒಂದೊಂದಾಗಿ ಓದಿದಳು. ಮಾವ ಎರಡನೇ ಸಲ ಓದು ಎನ್ನಲಿಲ್ಲ.

“ಮೇಡಂ ಬರೋದು ಮಧ್ಯಾಹ್ನ ಅಲ್ವಾ?”

“ಹೂಂ.”

“ಇವತ್ತಿನದು ಮಾತ್ರ ಕೊಡು. ಹಿಂದಿನ ಮೂರು ದಿನದ್ದು ಅಳಿಸಿಬಿಡು.”

ಅವಳು ತಲೆಯೆತ್ತಿದಳು.

“ಐದನೇದ್ರಿಂದಲೇ ತಿರುಗಿದ್ದು ಕಂಡ್ರೆ ಯಾಕೆ ಅಂತ ಕೇಳ್ತಾರೆ. ಮೆಟ್ಟಿಲು ಕಾಯೋನೇ ಮೆಟ್ಟಿಲಿಗೆ ಅಡ್ಡ ಹಲಗೆ ಹೊಡೆದ ಅಂತ ನಾಲ್ಕು ಜನ ಆಡ್ಕೊಳ್ತಾರೆ. ಇನ್ನೈದು ತಿಂಗಳಿಗೆ ನನ್ನ ಕೆಲಸ ಮುಗೀತು. ತಲೆ ಎತ್ಕೊಂಡು ಹೋಗ್ತೀನಿ.”

“ಒಂದೇ ದಿನದ್ದು ಕೊಟ್ರೆ ಆಫೀಸಿನೋರು ಏನಂತಾರೆ? ನೀರು ಏರಿತ್ತು, ಅದೃಷ್ಟಕ್ಕೆ ಹತ್ತಿದ್ವು ಅಂತಾರೆ. ಮುಚ್ಚೇಬಿಡ್ತಾರೆ. ಹಲಗೆ ಇದ್ದಾಗ ಐದನೇದಕ್ಕೆ ನಲವತ್ತೊಂದು ಬಂದ್ರೂ ತುದೀಲಿ ಒಂದೂ ಇಲ್ಲ, ತೆಗೆದ ಮೇಲೆ ಇಪ್ಪತ್ತಾರು. ಎರಡೂ ಅಕ್ಕಪಕ್ಕ ಇದ್ರೇನೇ ಮೆಟ್ಟಿಲು ಉಳಿಯೋದು.”

“ಹಾಗಾದ್ರೆ ಪ್ರವಾಹಕ್ಕೆ ಬಂದು ಸಿಕ್ಕಿಕೊಂಡ ಹಲಗೆ ಅನ್ನು.”

“ಪ್ರವಾಹ ಮೊಳೆ ಹೊಡೆಯುತ್ತಾ ಮಾವ?”

ಅವನಿಗೆ ನಗು ಬಂತು. ಬಂದ ಹಾಗೆಯೇ ಹೋಯಿತು. ಅವಳ ಪಕ್ಕದ ಕಲ್ಲಿನ ಮೇಲೆ ಕೂತು, ಪೆಟ್ಟಿಗೆಯ ಮುಚ್ಚಳದ ಮೇಲೆ ಒದ್ದೆ ಅಂಗೈ ಇಟ್ಟ.

“ನಿನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಇಲ್ಲೆಲ್ಲ ತಿರುಗಿಸಿದೋನು ನಾನು. ಇವತ್ತಿನ ತನಕ ಏನೂ ಕೇಳಿಲ್ಲ. ಇದೊಂದು ಅಳಿಸು.”

ಅವಳು ಆ ಕೈಯನ್ನು ಹಿಡಿದು ಮೆಲ್ಲಗೆ ಎತ್ತಿ, ತನ್ನ ಮಡಿಲಲ್ಲಿ ಇಟ್ಟುಕೊಂಡಳು.

“ಇಲ್ಲ ಮಾವ,” ಎಂದಳು. “ಅಳಿಸಲ್ಲ.”