ಅಂಟು ತೆಗೆದ ಸ್ಟಾಂಪುಗಳು

ಮಕ್ಕಳ ಮದುವೆ ಮಾಡಿ ಬೀಗರಾದವರು ಒಬ್ಬರನ್ನೊಬ್ಬರು ಇಷ್ಟಪಡಲೇಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಕೊಳ್ಳೇಗಾಲದ ಶಾಂತಮೂರ್ತಿಯವರೂ ಯಳಂದೂರಿನ ರಂಗನಾಥರೂ ಮೊದಲ ಎರಡು ವರ್ಷ ಹಾಗೇ ಕಳೆದರು. ದ್ವೇಷವೇನಿರಲಿಲ್ಲ. ಆಡಲು ಮಾತಿರಲಿಲ್ಲ, ಅಷ್ಟೇ. ಹಬ್ಬಕ್ಕೆ ಸೇರಿದಾಗ ಜಗುಲಿಯ ಮೇಲೆ ಎದುರುಬದುರು ಕೂರುತ್ತಿದ್ದರು. ಒಬ್ಬರು ಮಳೆಯ ವಿಷಯ ಎತ್ತಿದರೆ ಇನ್ನೊಬ್ಬರು ಹೂಂ ಎನ್ನುತ್ತಿದ್ದರು, ಅಲ್ಲಿಗೆ ಮಳೆ ಮುಗಿಯುತ್ತಿತ್ತು. ಆಮೇಲೆ ಊಟಕ್ಕೆ ಕರೆಯುವ ತನಕ ಇಬ್ಬರೂ ಬೀದಿ ನೋಡುತ್ತಿದ್ದರು.

ಶಾಂತಮೂರ್ತಿಯವರದು ಬಣ್ಣದ ಮನೆ. ಮಗ್ಗಕ್ಕೆ ಏರುವ ಮೊದಲು ಹಸಿ ರೇಷ್ಮೆ ನೂಲಿನ ಲಡಿಗಳು ಅವರ ಹಂಡೆಯಲ್ಲಿ ಮುಳುಗೇಳಬೇಕು. ಹುಳು ಗೂಡು ಕಟ್ಟುವಾಗ ಎಳೆಗೆ ಮೆತ್ತಿದ ಅಂಟೆಲ್ಲ ಸೋಪು, ಸೋಡದ ಬಿಸಿನೀರಿನಲ್ಲಿ ಬಿಟ್ಟುಹೋಗಬೇಕು. ಆಮೇಲೆಯೇ ರೇಷ್ಮೆಗೆ ಹೊಳಪು, ಆಮೇಲೆಯೇ ಬಣ್ಣ. ಅಂಟು ಚೂರು ಉಳಿದರೂ ಬಣ್ಣ ಅಲ್ಲೊಂದು ಕಡೆ ಇಲ್ಲೊಂದು ಕಡೆ ಹಿಡಿದು ಸೀರೆ ಕೆಡುತ್ತದೆ, ಜೊತೆಗೆ ಹೆಸರೂ ಕೆಡುತ್ತದೆ. ಹೀಗಾಗಿ ಹುಡುಗನಾಗಿದ್ದಾಗಿನಿಂದ ಅವರು ಅಂಟಿನ ಮೇಲೆ ಹಗೆ ಸಾಧಿಸಿಕೊಂಡೇ ಬಂದಿದ್ದರು. ಕೆಲಸ ಮುಗಿಸಿ ಕೈ ಒರೆಸಿಕೊಂಡರೆ ಮಾತಾಡಿಸಲು ಸ್ನೇಹಿತರೆಂಬವರು ಯಾರೂ ಇರಲಿಲ್ಲ. ಇದ್ದವರು ಸತ್ತಿದ್ದರು, ಇಲ್ಲವೇ ಸದಾ ಮೊಬೈಲಿನಲ್ಲಿ ಮುಖ ಹುದುಗಿಸಿರುತ್ತಿದ್ದರು.

ರಂಗನಾಥರು ಅಂಚೆ ಇಲಾಖೆಯಲ್ಲಿದ್ದವರು. ಹನೂರು, ಬಂಡಳ್ಳಿ ಎಲ್ಲ ಸುತ್ತಿ, ಕೊನೆಗೆ ಸ್ವಂತ ಊರಾದ ಯಳಂದೂರಿನಲ್ಲೇ ಪೋಸ್ಟ್‌ಮಾಸ್ಟರಾಗಿ ನಿವೃತ್ತರಾಗಿದ್ದರು. ಅಳೆದೂ ತೂಗಿ ಮಾತಾಡುವ ಮನುಷ್ಯ. ಅವರ ಮಗಳು ಶ್ವೇತಾ ಶಾಂತಮೂರ್ತಿಯವರ ಸೊಸೆ.

ಕಳೆದ ದೀಪಾವಳಿಗೆ ಶ್ವೇತಾಳ ಗಂಡ ಉಮೇಶ್ ಹೊಸ ಬೈಕು ತಂದು ಬಾಗಿಲ ಮುಂದೆ ನಿಲ್ಲಿಸಿದ. ಎಲ್ಲರೂ ಅದಕ್ಕೆ ಒಂದು ಸುತ್ತು ಬಂದು ಒಳಗೆ ಹೋದ ಮೇಲೆ ಜಗುಲಿಯಲ್ಲಿ ಬೀಗರಿಬ್ಬರೇ ಉಳಿದರು. ರಂಗನಾಥರಿಗೆ ಏನು ಹೊಳೆಯಿತೋ, ಕೇಳಿದರು: "ಬೀಗ್ರೇ, ನೀವು ಸ್ವಂತ ದುಡ್ನಲ್ಲಿ ಮೊದ್ಲು ತಕಂಡಿದ್ದೇನು?"

"ಬಿಳಿ ಶರ್ಟು," ಎಂದರು ಶಾಂತಮೂರ್ತಿ, ತಡವರಿಸದೆ. "ನಮ್ಮಪ್ಪ ಮೊದ್ಲ ಕೂಲಿ ಕೊಟ್ಟಾಗ ತಕಂಡಿದ್ದು. ಬಣ್ಣದ್ಮನೆ ಉಡ್ಗ ಬಿಳಿ ಶರ್ಟ್ ತಕಂಡವ್ನೆ ಅಂತ ಬೀದಿಯೆಲ್ಲಾ ನಕ್ಕುದ್ರು. ನಾನು ಮೂಲೇಲಿ ನಿಂತ್ಕಂಡು, ಹಂಡೆ ತಾವ್ಕೇ ಓಗ್ದಂಗೆ ವಾರ ಕಾಪಾಡ್ದೆ. ಆಮೇಲೆ ನಮ್ಮವ್ವ ಒಗಿಯಕ್ಕೆ ಅಂತ ಅದ್ನ ರಾಣಿ ಕಲರ್ ಲಡಿ ಜೊತೆ ನೆನಾಕ್ಬುಟ್ಳು."

ರಂಗನಾಥರು ನಕ್ಕರು. ಆ ಮನುಷ್ಯನಿಗೆ ನಗಲು ಬರುತ್ತದೆಂದು ಶಾಂತಮೂರ್ತಿಯವರಿಗೆ ಗೊತ್ತಾದದ್ದೇ ಅಂದು.

"ನಂದು ಒಂದು ಸ್ಟಾಂಪು ಕಣ್ರಿ," ಎಂದು ರಂಗನಾಥರು ಶುರುಮಾಡಿದರು. ಸ್ಕೂಲಿಗೆ ಹೋಗುವಾಗ ಯಾರದೋ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸಿದ್ದಕ್ಕೆ ಚಿಲ್ಲರೆ ಸಿಕ್ಕಿತ್ತಂತೆ. ಅದನ್ನು ಹಿಡಿದು ಪೋಸ್ಟಾಫೀಸಿಗೆ ಹೋಗಿ ಜಿಂಕೆ ಚಿತ್ರದ ಸ್ಟಾಂಪೊಂದನ್ನು ಕೇಳಿದರಂತೆ. ಗುಮಾಸ್ತರು ಕಾಗದ ಎಲ್ಲಿ ಎಂದರು. ಕಾಗದ ಇಲ್ಲ ಸಾ. ಮತ್ಯಾಕಲಾ ಸ್ಟಾಂಪು? ಚೆಂದಾಗದೆ ಸಾ. ಗುಮಾಸ್ತರು ಕಿಟಕಿಯಿಂದ ಬಗ್ಗಿ ಈ ಗಿರಾಕಿಯನ್ನು ಒಮ್ಮೆ ನೋಡಿ ಹರಿದುಕೊಟ್ಟರಂತೆ. "ಅವತ್ತೇ ತೀರ್ಮಾನ ಮಾಡ್ದೆ, ಕೆಲ್ಸ ಮಾಡುದ್ರೆ ಆ ಕಿಟ್ಕಿ ಒಳಗಡೆಯಿಂದ್ಲೇ ಅಂತ."

ಅಂದು ಊಟಕ್ಕೆ ಕರೆದಾಗ ಇಬ್ಬರೂ ಏಳಲಿಲ್ಲ. ಶ್ವೇತಾ ಎರಡು ಸಲ ಬಂದು ಕರೆಯಬೇಕಾಯಿತು.

ಮುಂದಿನ ಸಲ ರಂಗನಾಥರು ಆಲ್ಬಮ್ಮನ್ನೇ ತಂದರು. ಕಾಗದಕ್ಕೆ ಅಂಟಿಸದ, ಮುದ್ರೆ ಬೀಳದ ಹೊಸ ಸ್ಟಾಂಪುಗಳನ್ನು ಮಾತ್ರ ಜೀವಮಾನವಿಡೀ ಕೂಡಿಟ್ಟಿದ್ದರು. ನೂಲಿನ ಎಳೆ ನೋಡುವ ಭೂತಗನ್ನಡಿ ಹಿಡಿದು ಶಾಂತಮೂರ್ತಿ ಒಂದೊಂದನ್ನೂ ನೋಡಿದರು. ಅವರ ಕಣ್ಣು ಮೊದಲು ಬಣ್ಣಕ್ಕೆ ಹೋಯಿತು. ಇಷ್ಟು ಚಿಕ್ಕ ಕಾಗದಕ್ಕೆ ಇಂಥ ನೀಲಿ ಯಾರು ಹಾಕಿದರಪ್ಪಾ ಎಂದು ತಲೆದೂಗಿದರು. ತಾನೂ ಸ್ಟಾಂಪು ಕೂಡಿಡಬೇಕೆಂಬ ಆಸೆ ಅವರಿಗೆ ಹುಟ್ಟಿದ್ದು ಆಗ. ಎಲ್ಲಿಂದ ಶುರುಮಾಡುವುದು? ಬೀದಿಯ ಮನೆಮನೆಯಲ್ಲಿ ಹಳೆಯ ಲಕೋಟೆ ಕೇಳಿದರು. ಈಗ ಯಾರಿಗೆ ಕಾಗದ ಬರುತ್ತದೆ? ಬ್ಯಾಂಕಿನದೋ ವಿಮೆಯದೋ ಬಂದರೂ ಅದರ ಮೇಲೆ ಸ್ಟಾಂಪಿರುವುದಿಲ್ಲ.

"ಅವಸರ ಯಾಕೆ, ನಂದ್ನೇ ನೋಡ್ತಾ ಇರಿ," ಎಂದರು ರಂಗನಾಥರು. ಅವರು ಕಣ್ಣಿನ ಪೊರೆಯ ಆಪರೇಷನ್ನಿಗೆ ಮೈಸೂರಿಗೆ ಹೊರಟಿದ್ದರು. "ಕಣ್ಣಿಗೆ ರೆಸ್ಟ್ ಕೊಡ್ಬೇಕಂತೆ. ಆಲ್ಬಮ್ ಮನೇಲಿದ್ರೆ ನನ್ ಕೈ ಸುಮ್ನಿರಲ್ಲ. ನಿಮ್ಮತ್ರ ಇರ್ಲಿ." ಇನ್ನೊಬ್ಬರ ಕೈಗೆ ಆಲ್ಬಮ್ ಕೊಟ್ಟದ್ದು ಅವರು ಅದೇ ಮೊದಲು. ಶಾಂತಮೂರ್ತಿಯವರಿಗೆ ಎದೆ ತುಂಬಿ ಬಂತು. ಎರಡೂ ಕೈಯಲ್ಲಿ ಇಸಿದುಕೊಂಡರು.

ಇಸಿದುಕೊಂಡವರು ಸುಮ್ಮನಿದ್ದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಒಂದು ಭಾನುವಾರ ಸ್ಟಾಂಪೊಂದನ್ನು ಹೊರತೆಗೆದು ತಿರುಗಿಸಿ ನೋಡಿದರು. ಬೆನ್ನ ಮೇಲೆ ಹಳದಿ ಬಣ್ಣದ ಅಂಟು, ಅಲ್ಲಲ್ಲಿ ಬಿರುಕು, ಒಂದೆರಡು ಕಂದು ಚುಕ್ಕೆ. ಇನ್ನೊಂದನ್ನು ತಿರುಗಿಸಿದರೆ ಅದರದೂ ಅದೇ ಪಾಡು. ಅವರಿಗೆ ಕಸಿವಿಸಿಯಾಯಿತು. ಪಾಪ, ಬೀಗರಿಗೆ ಕಣ್ಣು ಮಂಜಾಗಿ ಕಂಡಿಲ್ಲ, ಹೀಗೇ ಬಿಟ್ಟರೆ ಈ ಅಂಟು ಕಾಗದವನ್ನೇ ತಿಂದುಹಾಕುತ್ತದೆ ಎಂದುಕೊಂಡರು. ಆಪರೇಷನ್ ಮುಗಿಸಿ ಹೊಸ ಕಣ್ಣಲ್ಲಿ ಆಲ್ಬಮ್ ಬಿಡಿಸಿದಾಗ ಅವರು ಬೆರಗಾಗಬೇಕು.

ಅವರೇನು ದಡ್ಡರಲ್ಲ. ಸೋಪು, ಸೋಡ ಹತ್ತಿರ ಸೇರಿಸಲಿಲ್ಲ. ಒಂದೇ ಥರದ್ದು ಎರಡಿದ್ದ ಸ್ಟಾಂಪಿನಲ್ಲಿ ಒಂದನ್ನು ಬೆಚ್ಚನೆ ನೀರಿಗೆ ಬಿಟ್ಟು, ಬಣ್ಣ ನಿಲ್ಲುತ್ತದೆಂದು ಖಾತ್ರಿಮಾಡಿಕೊಂಡರು. ಆಮೇಲೆ ಬೀಗರ ಮೊದಲ ಖರೀದಿಯೆಂಬ ಗೌರವದಿಂದ ಜಿಂಕೆಯನ್ನೇ ಮೊದಲು ಇಳಿಸಿದರು. ಬೆರಳ ತುದಿಯಲ್ಲಿ ನವಿರಾಗಿ ಉಜ್ಜಿ, ಮೂರು ನೀರು ಬದಲಿಸಿ, ಹಳೆಯ ರೇಷ್ಮೆ ಬಟ್ಟೆಯ ನಡುವೆ ಹರವಿ, ಮೇಲೆ ಭಾರ ಇಟ್ಟು ಒಣಗಿಸಿದರು. ಆಲ್ಬಮ್ ಪೂರಾ ಮುಗಿಯಲು ಮೂರು ದಿನ ಹಿಡಿಯಿತು. ಜನ್ಮದಲ್ಲಿ ಅಷ್ಟು ಶ್ರದ್ಧೆಯಿಂದ ಯಾರ ಸೀರೆಗೂ ಕೆಲಸ ಮಾಡಿರಲಿಲ್ಲ.

ಎಲ್ಲ ಮುಗಿಸಿ ಸೊಸೆಯನ್ನು ಕರೆದು ತೋರಿಸಿದರು. "ನೋಡವ್ವಾ, ನಿಮ್ಮಪ್ಪನ ಸ್ಟಾಂಪು. ಇಂದ್ಗಡೆ ಎಂಗೆ ಬೆಳ್ಳಗಾಗವೆ!"

ಶ್ವೇತಾ ಒಂದನ್ನು ತಿರುಗಿಸಿ ನೋಡಿದಳು. ಇನ್ನೊಂದನ್ನು ನೋಡಿದಳು. "ಮಾವ, ಅಂಟೆಲ್ಲಿ?"

"ತೆಗ್ದೆ."

"ಅಯ್ಯೋ ಮಾವ! ಹೊಸ ಸ್ಟಾಂಪ್ಗೆ ಅಂಟಿದ್ರೇನೇ ಬೆಲೆ. ಪೋಸ್ಟಾಫೀಸಿಂದ ಎಂಗೆ ಬಂತೋ ಅಂಗೇ ಇರ್ಬೇಕು. ಚಿಕ್ಕೋಳಿದ್ದಾಗ ಒದ್ದೆ ಕೈಲಿ ಮುಟ್ದೆ ಅಂತ ನಮ್ಮಪ್ಪ ನಂಗೆ ಒಡ್ದಿದ್ರು. ನನ್ನ ಒಡ್ದಿದ್ದು ಅದೊಂದೇ ಸಲ."

ಶಾಂತಮೂರ್ತಿ ಆಲ್ಬಮ್ಮನ್ನು ಮುಚ್ಚಿದರು. ಹೆಂಡತಿ ಶಿವರತ್ನಮ್ಮ ಅಡುಗೆಮನೆಯಿಂದ ಬಂದು ವಿಷಯ ಕೇಳಿ, "ಅಷ್ಟೇ ತಾನೇ? ಸೀರೆಗೆ ಗಂಜಿ ಆಕ್ದಂಗೆ ಅದ್ಕೂ ತೆಳ್ಳಗೆ ಗೋಂದು ಬಳ್ದುಬುಡಿ," ಎಂದರು. ಶ್ವೇತಾ ಕೂಡ ಮುಚ್ಚಿಡುವ ಮಾತನ್ನೇ ಸಣ್ಣ ದನಿಯಲ್ಲಿ ಹೇಳಿದಳು, "ಅಪ್ಪ ಇನ್ಮೇಲೆ ಇಂದ್ಗಡೆ ತಿರುಗ್ಸಿ ನೋಡ್ತಾರೋ ಇಲ್ವೋ ಮಾವ. ಸುಮ್ನಿದ್ಬುಡಿ."

ಆ ಮಾತು ಕಿವಿಗೆ ಹಿತವಾಗಿಯೇ ಇತ್ತು. ಅರ್ಧ ದಿನ ಅದನ್ನು ಮನಸ್ಸಿನಲ್ಲಿ ಹೊರಳಿಸಿದರು. ಆದರೆ ಅಂಟು ತೆಗೆದ ರೇಷ್ಮೆಗೆ ತೂಕ ಬರಲೆಂದು ಮತ್ತೇನನ್ನೋ ಮೆತ್ತಿ ಮಾರುವವರನ್ನು ಅವರು ಬಾಳಿಡೀ ಉಗಿದಿದ್ದರು. ಈಗ ತಾನೇ ಆ ಕೆಲಸಕ್ಕೆ ಕೈಹಾಕಲು ಆಗಲಿಲ್ಲ. ಈ ವಯಸ್ಸಿನಲ್ಲಿ ಅಪರೂಪಕ್ಕೆ ಸಿಕ್ಕ ಒಬ್ಬ ಗೆಳೆಯ ಕೈತಪ್ಪುವುದು ಖಂಡಿತ ಎಂದು ಗೊತ್ತಿದ್ದೂ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಆಲ್ಬಮ್ ತೊಡೆಯ ಮೇಲಿತ್ತು. ಪಕ್ಕದ ಸೀಟಿನ ಮಧುವನಹಳ್ಳಿಯವನೊಬ್ಬ ಮದುವೆ ಫೋಟೋನಾ ಎಂದು ಕೇಳಿದ. ಹೌದೆಂದುಬಿಟ್ಟರು.

ರಂಗನಾಥರು ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದರು. ದನಿ ಕೇಳಿಯೇ ಗುರುತು ಹಿಡಿದು, "ಬನ್ನಿ ಬನ್ನಿ ಬೀಗ್ರೇ, ನಿಮ್ದೇ ಯೋಚ್ನೆಲಿದ್ದೆ," ಎಂದರು. ಅದರಿಂದ ವಿಷಯ ಹೇಳುವುದು ಇನ್ನೂ ಕಷ್ಟವಾಯಿತು.

ಶಾಂತಮೂರ್ತಿ ಕೂರಲಿಲ್ಲ. "ತೊಳ್ದುಬುಟ್ಟೆ ಕಣ್ರಿ," ಎಂದರು.

"ಏನ?"

"ಸ್ಟಾಂಪ್ಗಳ್ನ. ಇಂದೆ ಇರೋ ಅಂಟ್ನ ಕೊಳೆ ಅನ್ಕಂಡೆ. ರೇಷ್ಮೆಗೆ ತೆಗ್ದಂಗೆ ತೆಗ್ದುಬುಟ್ಟೆ. ತೆಗೀಬಾರ್ದು ಅಂತ ಆಮೇಲೆ ಗೊತ್ತಾಯ್ತು."

ರಂಗನಾಥರು ಕೈಚಾಚಿ ಆಲ್ಬಮ್ ತೆಗೆದುಕೊಂಡರು. ಒಂದು ಸ್ಟಾಂಪನ್ನು ಎಳೆದು ಅದರ ಬೆನ್ನ ಮೇಲೆ ಹೆಬ್ಬೆರಳು ಆಡಿಸಿದರು. ಕೌಂಟರಿನ ಹಿಂದೆ ಬದುಕು ಸವೆಸಿದವರಿಗೆ ಅದನ್ನು ತಿಳಿಯಲು ಕಣ್ಣು ಬೇಕಿರಲಿಲ್ಲ.

"ಎಲ್ಲಾನೂವಾ?"

"ಎಲ್ಲಾನೂ."

"ಜಿಂಕೆದು?"

"ಅದ್ನೇ ಮೊದ್ಲು ತೊಳ್ದಿದ್ದು."

ರಂಗನಾಥರು ಕೈಯಲ್ಲಿದ್ದ ಸ್ಟಾಂಪನ್ನು ಮತ್ತೆ ಅದರ ಜಾಗಕ್ಕೆ ಸೇರಿಸಿದರು. ಬೈದಿದ್ದರೆ ಚೆನ್ನಾಗಿತ್ತು. "ಕಾಪಿ ಕುಡ್ಕಂಡು ಓಗಿ," ಎಂದು ಎದ್ದು, ಗೋಡೆ ತಡವುತ್ತ ಒಳಗೆ ಹೋದರು. ಬೀಗರ ದೊಡ್ಡ ಸೊಸೆ ತಂದಿಟ್ಟ ಕಾಫಿಯನ್ನು ಶಾಂತಮೂರ್ತಿ ಒಬ್ಬರೇ ಕೂತು ಕುಡಿದರು. ಕುಡಿಯುವಾಗ ಅವರಿಗೆ ಅಳು ಬಂತು. ಯಾರೂ ನೋಡಲಿಲ್ಲ.

ಆಮೇಲೆ ಯಳಂದೂರಿನಿಂದ ಫೋನಿಲ್ಲ. ಶಾಂತಮೂರ್ತಿ ಹಂಡೆಯ ಕೆಲಸಕ್ಕೆ ಮರಳಿದರು. ಒಂದು ಸಲ ಲಡಿಯನ್ನು ಒಲೆಯ ಮೇಲೆ ಮರೆತು ಕುಳಿತಿದ್ದರು. ತಿಂಗಳು ಕಳೆಯಿತು. ಯುಗಾದಿ ಬಂತು, ಬೀಗರು ಬರಲಿಲ್ಲ. ಶ್ವೇತಾ ತವರಿಗೆ ಹೋಗಿಬಂದಳು. "ನಿಮ್ಮಪ್ಪ ಏನಂದ್ರು?" ಎಂದರೆ, "ಕಣ್ಣು ಚೆನ್ನಾಗಿ ಕಾಣ್ತಾ ಅದಂತೆ," ಎಂದಷ್ಟೇ ಹೇಳಿದಳು. ಹೋದ ಗೆಳೆತನ ಹೋಯಿತೆಂದು ಶಾಂತಮೂರ್ತಿ ತೀರ್ಮಾನಿಸಿಕೊಂಡರು. ಇನ್ನು ಜಗುಲಿಯ ಮೇಲೆ ಮಳೆಯ ಮಾತೂ ಇರುವುದಿಲ್ಲ.

ಯುಗಾದಿ ಕಳೆದ ವಾರ ಪೋಸ್ಟ್‌ಮ್ಯಾನ್ ಹನುಮಯ್ಯ ಬಣ್ಣದ ಮನೆಯ ಬಾಗಿಲಲ್ಲಿ ಸೈಕಲ್ ನಿಲ್ಲಿಸಿ, "ಶಾಂತಮೂರ್ತಪ್ಪಾರೇ, ಇದೇನ್ ಕಾಗ್ದವೋ ಇಲ್ಲ ಪಟದ ಅಂಗ್ಡಿಯೋ?" ಎಂದು ಕೂಗಿದ. ಲಕೋಟೆಯ ಮೇಲೆ ತುಂಬ ಹಳೆಯ ಸ್ಟಾಂಪುಗಳು. ಈಗಿನ ದರ ತುಂಬಿಸಲು ಚಿಕ್ಕ ಚಿಕ್ಕ ಮೊತ್ತದವನ್ನೆಲ್ಲ ಸೇರಿಸಿ ಅಂಟಿಸಿದ್ದರಿಂದ ವಿಳಾಸಕ್ಕೆ ಒಂದು ಮೂಲೆ ಮಾತ್ರ ಉಳಿದಿತ್ತು. ಪ್ರತಿಯೊಂದರ ಮೇಲೂ ಯಳಂದೂರಿನ ಮುದ್ರೆ, ದುಂಡಗೆ, ಸ್ಪಷ್ಟವಾಗಿ ಬಿದ್ದಿತ್ತು. ಹಳೆಯ ಪೋಸ್ಟ್‌ಮಾಸ್ಟರು ಎದುರು ನಿಂತು ಹೊಡೆಸಿದ್ದರೆಂದು ಬೇರೆ ಹೇಳಬೇಕಿಲ್ಲ.

ಶಾಂತಮೂರ್ತಿ ಕೈ ಒರೆಸಿಕೊಂಡರು. ಸಾಲದೆಂದು ಇನ್ನೊಮ್ಮೆ ಒರೆಸಿಕೊಂಡು ಲಕೋಟೆಯ ಅಂಚನ್ನು ಬ್ಲೇಡಿನಲ್ಲಿ ಬಿಡಿಸಿದರು. ಒಳಗೆ ಅಚ್ಚುಕಟ್ಟಾದ ಅಕ್ಷರ.

"ಬೀಗರಾದ ಶಾಂತಮೂರ್ತಿಯವರಿಗೆ. ಅಂಟಿಲ್ಲದ ಸ್ಟಾಂಪನ್ನು ಸಂಗ್ರಹದಲ್ಲಿ ಇಡುವವನು ನಾನಲ್ಲ. ಜಿಂಕೆಯೊಂದನ್ನು ಇಟ್ಟುಕೊಂಡಿದ್ದೇನೆ, ಅದನ್ನು ಕೊಡಲಾರೆ. ಉಳಿದವು ಕಾಗದಕ್ಕೆ ಧಾರಾಳವಾಗಿ ನಡೆಯುತ್ತವೆ. ಮೈದಾ ಕಾಸಿ ಅಂಟಿಸಿದ್ದೇನೆ. ಮುದ್ರೆ ಬಿದ್ದ ಮೇಲೆ ಇವು ನಿಮ್ಮವು. ಲಕೋಟೆ ಸಮೇತ ಇಟ್ಟುಕೊಂಡು ನಿಮ್ಮ ಸಂಗ್ರಹ ಆರಂಭಿಸತಕ್ಕದ್ದು. ಬಿಡಿಸಬೇಡಿ. ದಯವಿಟ್ಟು ತೊಳೆಯಬೇಡಿ. ನಿಮ್ಮ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಅದು ಇಳಿಯುವವರೆಗೆ ವಾರಕ್ಕೊಂದು ಬರೆಯುತ್ತೇನೆ. ಉತ್ತರ ಬರೆಯಿರಿ. ರಂಗನಾಥ."

ಶಿವರತ್ನಮ್ಮ ಬಂದು, "ಏನ್ ಬರ್ದವ್ರೆ?" ಎಂದು ಕೇಳಿದರು.

"ಬೈದವ್ರೆ," ಎಂದರು ಶಾಂತಮೂರ್ತಿ. ಹಾಗೆನ್ನುವಾಗ ಅವರ ಮುಖ ಅರಳಿದ್ದನ್ನು ಕಂಡು ಆಕೆ ಮುಂದೇನೂ ಕೇಳಲಿಲ್ಲ.

ಸಂಜೆ ಅವರು ಸೊಸೆಯನ್ನು ಪಕ್ಕಕ್ಕೆ ಕರೆದರು. "ಅವ್ವಾ, ನಿಮ್ಮಪ್ಪಂಗೆ ಸಿಟ್ಟು ಬಂದ್ರೆ ಎಷ್ಟ್ ದಿನ ಇರ್ತದೆ?"

ಅವರಿನ್ನೂ ಕೊರಗುತ್ತಿದ್ದಾರೆಂದುಕೊಂಡು ಶ್ವೇತಾ ಹಿಂಜರಿದಳು. "ಸುಳ್ಯಾಕೆ ಯೋಳ್ಲಿ ಮಾವ. ಒಂದ್ಸಲ ಬಂತು ಅಂದ್ರೆ ವರ್ಷಗಟ್ಲೆ ಇಳಿಯಲ್ಲ."

"ಇಳೀದೇ ಇರ್ಲಿ ಬುಡು," ಎಂದು ಶಾಂತಮೂರ್ತಿ ಉತ್ತರ ಬರೆಯಲು ಕಾಗದ ಹುಡುಕಿಕೊಂಡು ಒಳಗೆ ಹೋದರು.